ಕೈ ನಿಲ್ಲಿಸಿದ ಪುಸ್ತಕ

ಸೊಗಡವರೆಯ ವಾಸನೆ ಬೆರಳಿಗೆ ಒಮ್ಮೆ ಹತ್ತಿತೆಂದರೆ ಸೋಪು ಹಾಕಿ ತಿಕ್ಕಿದರೂ ಎರಡು ದಿನ ಬಿಡುವುದಿಲ್ಲ. ಆ ಬೆರಳಲ್ಲಿ ಮುಟ್ಟಿದ್ದಕ್ಕೆಲ್ಲ ಅದು ಅಂಟಿಕೊಳ್ಳುತ್ತದೆ, ಸೆರಗಿಗೆ, ನೀರಿನ ಲೋಟಕ್ಕೆ, ಪುಸ್ತಕದ ಹಾಳೆಗೆ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪುಸ್ತಕದಂಗಡಿ ಇದೆ. ನೋಟ್‌ಬುಕ್ಕು, ಪೆನ್ನು, ಗೈಡು, ಜೊತೆಗೆ ಸುತ್ತಲಿನ ಸ್ಕೂಲುಗಳ ಲೈಬ್ರರಿಗೆ ಬೇಕಾದ ಕತೆ ಪುಸ್ತಕಗಳು. ಚಳಿಗಾಲದಲ್ಲಿ ಗಿರಾಕಿ ಕಡಿಮೆ, ಹಾಗಾಗಿ ಗಲ್ಲಾದ ಹಿಂದೆ ಕುಕ್ಕೆ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂರುತ್ತೇನೆ. ಕಳೆದ ವರ್ಷ ಹಾಗೆ ಕೂತಿದ್ದಾಗಲೇ ಒಂದು ಮಿಡ್ಲ್ ಸ್ಕೂಲಿನ ಮೇಡಂ ಬಂದರು. ಚಿಕ್ಕ ವಯಸ್ಸು, ಹೊಸದಾಗಿ ಈ ಕಡೆಗೆ ಬಂದವರು. ಏಳನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆರಡು ಓದಿನ ಪೀರಿಯಡ್ಡು ಇಟ್ಟಿದ್ದರಂತೆ. ಅದಕ್ಕೆಂದು ನಾನೇ ಆರಿಸಿ ಕೊಟ್ಟಿದ್ದ ಮೂರು ಐತಿಹಾಸಿಕ ಕಾದಂಬರಿಗಳನ್ನು ವಾಪಸ್ಸು ತಂದಿದ್ದರು. ಮಕ್ಕಳು ಆಕಳಿಸುತ್ತಾರಂತೆ. ಬೇರೆ ಯಾವುದಾದರೂ ಹಳೆಯ ಕಾಲದ, ಗಟ್ಟಿಯಾದದ್ದು ಕೊಡಿ ಎಂದರು. ನಾನು ವಾಪಸ್ಸು ಬಂದದ್ದರಲ್ಲಿ ಒಂದನ್ನು ತೆಗೆದುಕೊಂಡು ನಡುವಿನ ಹಾಳೆ ಬಿಚ್ಚಿದೆ. ಬೆರಳಿನ ಸೊಗಡು ಹಳೆಯ ಕಾಗದದ ವಾಸನೆಗೆ ಬೆರೆತು ಮೂಗಿಗೆ ಬಡಿಯಿತು ನೋಡಿ, ಗಲ್ಲಾ, ಬಸ್ಸಿನ ಹಾರನ್ನು, ಎದುರಿಗೆ ನಿಂತ ಮೇಡಂ ಎಲ್ಲ ಹಿಂದಕ್ಕೆ ಸರಿದು, ನಾನು ಪಟ್ಟಣದಲ್ಲಿ ನಮ್ಮಜ್ಜಿಯ ಹಜಾರದಲ್ಲಿ ಕೂತಿದ್ದೆ.

ಪಟ್ಟಣ ಅಂದರೆ ನಮ್ಮ ಕಡೆ ಶ್ರೀರಂಗಪಟ್ಟಣವೇ. ಅವ್ವನ ತೌರು ಅಲ್ಲಿ, ಕೋಟೆ ಗೋಡೆಯ ಮಗ್ಗುಲಲ್ಲಿ. ತಮ್ಮ ಹುಟ್ಟಿದ ಮೇಲೆ ನನ್ನನ್ನು ಅಲ್ಲಿಯೇ ಬಿಟ್ಟು ಸ್ಕೂಲಿಗೆ ಹಾಕಿದ್ದರು. ಬೇರೆ ಊರಿನವರು ದುಡ್ಡು ಖರ್ಚು ಮಾಡಿಕೊಂಡು ಬಂದು ನೋಡುವ ಆ ಗೋಡೆಯ ಮೇಲೆ ನಮ್ಮಜ್ಜಿ ಬೆರಣಿ ತಟ್ಟುತ್ತಿದ್ದಳು. ಎಮ್ಮೆಯ ಮೈಯ ಬಿಸುಪು, ಹೊಳೆಯ ಕಡೆಯಿಂದ ಬರುವ ತೇವದ ಗಾಳಿ, ಒಲೆಯಲ್ಲಿ ಕಬ್ಬಿನ ಒಣಗರಿಯ ರವದಿ ಉರಿಯುವ ಸಿಹಿ ಹೊಗೆ, ಇವಿಷ್ಟೂ ಸೇರಿ ಆ ಮನೆಗೊಂದು ವಾಸನೆ ಇತ್ತು. ಅಜ್ಜಿಗೆ ಅಕ್ಷರ ಬಾರದು. ಆದರೆ ಪುಸ್ತಕ ಆರಿಸುವುದನ್ನು ನಾನು ಕಲಿತದ್ದು ಆ ಅಕ್ಷರ ಬಾರದವಳಿಂದಲೇ. ಆಕೆಯ ಪರೀಕ್ಷೆ ಒಂದೇ. ನೆನೆಹಾಕಿದ ಅವರೆಕಾಳನ್ನು ಮೊರದಲ್ಲಿ ಹರಡಿಕೊಂಡು ಒಂದೊಂದಾಗಿ ಸಿಪ್ಪೆಯಿಂದ ಹಿತುಕುತ್ತಾ ಕೂರುವುದು, ಓದಬಲ್ಲವರ ಕೈಗೆ ಪುಸ್ತಕ ಕೊಟ್ಟು ನಡುವಿನ ಒಂದು ಪುಟ ಓದಿಸುವುದು. ಹಿತುಕುವ ಕೈ ತನ್ನಷ್ಟಕ್ಕೆ ನಿಂತಿತೋ, ಪುಸ್ತಕ ಗೆದ್ದಿತು. ನಿಲ್ಲಲಿಲ್ಲವೋ, ಎಂಥ ರಾಜನ ಕತೆಯಾದರೂ ಸರಿ, ತಂದವನ ಚೀಲಕ್ಕೇ ವಾಪಸ್ಸು. ಮೊದಲ ಪುಟ ಓದಿಸಬಾರದು, ಮೊದಲ ಪುಟದಲ್ಲಿ ಎಲ್ಲರೂ ಒಳ್ಳೆಯವರೇ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ, ಎನ್ನುತ್ತಿದ್ದಳು. ಈ ಮಾತನ್ನು ನಾನು ಎಷ್ಟು ಹೆಡ್ ಮಾಸ್ಟರುಗಳಿಗೆ ಹೇಳಿದ್ದೇನೋ. ನೀವೂ ಮಕ್ಕಳಿಗೆ ಪುಸ್ತಕ ಕೊಳ್ಳುವವರಾದರೆ ನೆನಪಿಟ್ಟುಕೊಳ್ಳಿ, ನಷ್ಟವಿಲ್ಲ.

ಸಂಕ್ರಾಂತಿಗೆ ಅಜ್ಜಿಯ ಮೂವರು ಹೆಣ್ಣುಮಕ್ಕಳೂ ಬರುತ್ತಿದ್ದರು. ಕೆ.ಆರ್. ಪೇಟೆಗೆ ಕೊಟ್ಟಿದ್ದ ದೊಡ್ಡವ್ವ, ಪಾಂಡವಪುರದಿಂದ ನಮ್ಮವ್ವ, ಆ ವರ್ಷವಷ್ಟೇ ನಾಗಮಂಗಲಕ್ಕೆ ಮದುವೆಯಾಗಿ ಹೋಗಿದ್ದ ಚಿಕ್ಕವ್ವ. ಆ ಸಲ ಹಬ್ಬದ ಮಾರನೆಯ ದಿನ ನಾಲ್ವರೂ ಹಜಾರದಲ್ಲಿ ಮೊರದ ಸುತ್ತ ಕೂತಿದ್ದಾಗ ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡ ಹಳೇ ಪುಸ್ತಕದವನು ಬಂದ. ಅವನ ಚೀಲದಿಂದ ಹೊರಬಂದದ್ದು ರಟ್ಟಿಲ್ಲದ, ಹೆಸರಿನ ಹಾಳೆಯೂ ಇಲ್ಲದ, ಇಟ್ಟಿಗೆ ಗಾತ್ರದ ಒಂದು ಕಾದಂಬರಿ. “ರಟ್ಟೊಂದಿಲ್ಲ ಕಣವ್ವ, ಕತೆ ಪೂರಾ ಅದೆ” ಎಂದ. ಒಂದು ಮೊರ ಅವರೆಕಾಯಿಗೆ ಮಾತಾಯಿತು. ಯಾವುದೋ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದ ಕತೆ ಎಂದು ಕೇಳಿದೊಡನೆ ಅಜ್ಜಿ ನಮ್ಮವ್ವನಿಗೆ, “ಕ್ವಾಟೆ ಒಳಗೆ ಎಷ್ಟು ಜನ ಅವ್ರೆ, ರಾಗಿ ಎಷ್ಟದೆ, ಅದ ಬರ್ದವ್ನಾ ನೋಡು” ಎಂದಳು. ಬರೆದಿದ್ದ. ಅವ್ವ ಓದುತ್ತಾ ಹೋದಳು. ಕೋಟೆಯ ಕಣಜ ತಳ ಕಂಡಿದೆ, ರಾಣಿ ತಾನೇ ಸೌಟು ಹಿಡಿದು ಅಂಬಲಿ ಹಂಚುತ್ತಿದ್ದಾಳೆ, ಒಂದು ಮುದುಕಿ ತನ್ನ ಪಾಲನ್ನು ವಾಪಸ್ಸು ಹಂಡೆಗೆ ಸುರಿದು ನನಗೆ ಹಸಿವಿಲ್ಲ ಎನ್ನುತ್ತಾಳೆ. ಕಾಳು ತಟ್ಟೆಗೆ ಬೀಳುವ ಟಪ್ ಟಪ್ ಸದ್ದು ಮೊದಲು ಚಿಕ್ಕವ್ವನ ಕಡೆ ನಿಂತಿತು, ಆಮೇಲೆ ದೊಡ್ಡವ್ವನ ಕಡೆ, ಕೊನೆಗೆ ಅಜ್ಜಿಯದೂ. ಅಜ್ಜಿ ಚೌಕಾಸಿಗೆ ಇಡೀ ಬೀದಿಯಲ್ಲಿ ಹೆಸರಾದವಳು. ಅವತ್ತೊಂದು ದಿನ ಸೋತಳು. ಕೈ ನಿಂತದ್ದನ್ನು ಸೈಕಲ್ಲಿನವನೂ ನೋಡಿಬಿಟ್ಟಿದ್ದ. “ಈಗ ಎಲ್ಡು ಮೊರ ಕಣವ್ವ. ಎಲ್ರ ಕೈನೂ ನಿಂತೋಯ್ತಲ್ಲ, ನಂಗೇನ್ ಕಣ್ ಕಾಣಾಕಿಲ್ವಾ?” ಎಂದ. ಎರಡು ಮೊರ ಅಳೆದು ಕೊಟ್ಟಳು. ಕೈ ನಿಂತರೂ ನಿಂತದ್ದನ್ನು ಮಾರುವವನಿಗೆ ತೋರಿಸಬಾರದು ಎಂಬ ನನ್ನ ವ್ಯಾಪಾರದ ಬುದ್ಧಿ ಅಲ್ಲಿಂದಲೇ ಬಂದದ್ದು.

ಹೆಣ್ಣುಮಕ್ಕಳು ಹೊರಡುವ ದಿನ ಪುಸ್ತಕ ತನಗೆ ಬೇಕು ತನಗೆ ಬೇಕು ಎಂದು ಮೂವರೂ ಪಟ್ಟು ಹಿಡಿದರು. ಒಡವೆ ಹಂಚುವಾಗಲೂ ಅಷ್ಟು ಜಗಳ ಆಗಿರಲಿಲ್ಲ ಎಂದು ಅವ್ವ ಮುಂದೆ ಹೇಳುತ್ತಿದ್ದಳು. ಅಜ್ಜಿ ಈಳಿಗೆ ಮಣೆಯ ಮುಂದೆ ಕೂತು, ಹಲಸಿನ ಹಣ್ಣು ಹೆಚ್ಚುವ ಹಾಗೆ, ಹೊಲಿಗೆಯ ದಾರ ಎಲ್ಲೆಲ್ಲಿ ಬಿಟ್ಟುಕೊಟ್ಟಿತೋ ಅಲ್ಲಲ್ಲಿ ಕತ್ತರಿಸಿ ಪುಸ್ತಕವನ್ನು ನಾಲ್ಕು ಭಾಗ ಮಾಡಿದಳು. ಮೊದಲನೆಯದು ತನಗೆ, ಎರಡನೆಯದು ನಮ್ಮವ್ವನಿಗೆ, ಮೂರನೆಯದು ದೊಡ್ಡವ್ವನಿಗೆ, ಕೊನೆಯದು ಚಿಕ್ಕವ್ವನಿಗೆ. ವರ್ಷವಿಡೀ ಅದನ್ನೇ ಓದಿಕೊಂಡಿದ್ದು, ಮುಂದಿನ ಸಂಕ್ರಾಂತಿಗೆ ತಂದು ಮುಂದಿನ ಭಾಗಕ್ಕೆ ಬದಲಾಯಿಸಿಕೊಳ್ಳಬೇಕು. ಭಾಗ ಕೊಡದೆ ಭಾಗ ಇಲ್ಲ. ಮತ್ತೊಂದು ಕಟ್ಟು, ಯಾರೂ ಯಾರಿಗೂ ಕತೆ ಹೇಳಕೂಡದು. ನಗಬೇಡಿ, ನಾಲ್ಕು ಊರಿನ ನಾಲ್ಕು ಮನೆಯಲ್ಲಿ ಒಂದೇ ಕತೆ ನಾಲ್ಕು ರೀತಿ ನಡೆಯಿತು. ಅಜ್ಜಿಗೆ ಮಾತ್ರ ಅದು ಸಾಲಾಗಿ ಬಂತು, ಓದಿ ಹೇಳುವವಳು ನಾನು. ಚಿಕ್ಕವ್ವ ಕೊನೆಯಿಂದ ಶುರು ಮಾಡಿದಳು. ಮರುವರ್ಷದ ಸಂಕ್ರಾಂತಿಯಲ್ಲಿ ದೊಡ್ಡವ್ವನಿಗೂ ನಮ್ಮವ್ವನಿಗೂ ಕೋಟೆಯ ದಳವಾಯಿಯ ವಿಚಾರಕ್ಕೆ ಮಾತಿಗೆ ಮಾತು ಬೆಳೆಯಿತು. “ಅವ್ನು ಕಳ್ ನನ್ಮಗ ಕಣೆ” ಎಂದು ದೊಡ್ಡವ್ವ, “ಚಿನ್ನದಂತ ಮನುಸನ್ನ ಅಂಗನ್ಬ್ಯಾಡ ಕಣಕ್ಕ, ನಿನ್ ಬಾಯಲ್ಲಿ ಉಳ ಬೀಳ್ತದೆ” ಎಂದು ಅವ್ವ. ಕತೆ ಹೇಳಕೂಡದೆಂಬ ಕಟ್ಟನ್ನೂ ಮರೆತು ಇಬ್ಬರೂ ತಾವು ಓದಿದ ಭಾಗದ ಸಾಕ್ಷಿ ಹೇಳುತ್ತಿದ್ದರು. ಕೊನೆ ಓದಿದ್ದ ಚಿಕ್ಕವ್ವ ಬಾಯಿ ತುಂಬ ಎಳ್ಳುಬೆಲ್ಲ ತುಂಬಿಕೊಂಡು ಸೂರು ನೋಡುತ್ತಿದ್ದಳು. ಅವಳ ಗತ್ತು ನೋಡಲು ಎರಡು ಕಣ್ಣು ಸಾಲದು. ಆ ನಗು, ಆ ಜಗಳ, ಮೊರದ ಸುತ್ತ ಕೂತ ಆ ನಾಲ್ಕು ಬೆನ್ನುಗಳು ಈಗಲೂ ನನಗೆ ನಿಚ್ಚಳವಾಗಿ ಕಾಣುತ್ತವೆ. ಮುಖಗಳೇ ಸ್ವಲ್ಪ ಮಸುಕಾಗಿವೆ.

ಮೂರನೆಯ ಭಾಗ ಅಜ್ಜಿಯ ಮನೆಗೆ ಬಂದ ವರ್ಷ ದೀಪಾವಳಿ ಕಳೆದ ಮೇಲೆ ಆಕೆ ಹಾಸಿಗೆ ಹಿಡಿದಳು. ಆ ಭಾಗವನ್ನು ನಾವು ಆಗಲೇ ಮುಗಿಸಿದ್ದೆವು. ನಡುರಾತ್ರಿ ಕೋಟೆಯ ದಿಡ್ಡಿ ಬಾಗಿಲ ಅಗಣಿ ಸರಿಯುತ್ತದೆ, ಸರಿಸಿದ ಕೈ ಯಾರದೆಂದು ಗೊತ್ತಾಗುವ ಮೊದಲೇ ಹಾಳೆಗಳು ಮುಗಿದುಹೋಗುತ್ತವೆ. ಮುಂದಿನದು ಪಾಂಡವಪುರದಲ್ಲಿ ನಮ್ಮವ್ವನ ಹತ್ತಿರ ಇತ್ತು. ಅವ್ವ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಹಾಸಿಗೆಯ ಪಕ್ಕ ಕೂತು, ಈಗಲೇ ಓದಿಬಿಡುತ್ತೇನೆ ಎಂದಳು. ಅಜ್ಜಿ ಒಪ್ಪಲಿಲ್ಲ. “ಮಡಗವ್ವ ಅದ. ಸಂಕ್ರಾಂತಿ ಬರ್ಲಿ, ನನ್ ಸರದಿ ಬತ್ತದೆ.” ಅವ್ವ “ಅಲ್ಲಿಗಂಟ...” ಎಂದು ಅರ್ಧಕ್ಕೇ ನಿಲ್ಲಿಸಿದಳು. ಅಜ್ಜಿ ಅದನ್ನು ತಾನೇ ಮುಗಿಸಿದಳು. “ಅಲ್ಲಿಗಂಟ ನಾನಿರ್ಬೇಕಲ್ಲ ಅಂತ ತಾನೇ? ಕತೆ ಈಗ್ಲೇ ಮುಗುಸ್ಬುಟ್ರೆ ಆಮೇಕೆ ಏನಕ್ಕೆ ಕಾಯ್ಲಿ ಮಗ?” ಎಷ್ಟೋ ವರ್ಷ ಅಂಗಡಿ ನಡೆಸಿದ ಮೇಲೆ ನನಗೆ ಅರ್ಥವಾಯಿತು, ಅದು ಆಕೆಯ ಕೊನೆಯ ಚೌಕಾಸಿ. ಎದುರಿಗೆ ಕೂತಿದ್ದವನು ಸೈಕಲ್ಲಿನವನಲ್ಲ, ಅಷ್ಟೇ ವ್ಯತ್ಯಾಸ.

ಸಂಕ್ರಾಂತಿಗೆ ಇನ್ನು ಎಂಟು ದಿನ ಇತ್ತು. ಅವರೆ ಬಂದಿತ್ತು. ಸುಮ್ಮನೆ ಮಲಗಿರಲಾರೆ ಎಂದು ಹಠ ಹಿಡಿದು ಅಜ್ಜಿ ಗೋಡೆಗೊರಗಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಒಂದೊಂದೇ ಕಾಳು ಹಿತುಕುತ್ತಿದ್ದಳು. ಬೆಳಗಿನ ಬಿಸಿಲು ಬೆಳಕಿಂಡಿಯಿಂದ ಇಳಿದು ಆಕೆಯ ಕಾಲಿನ ಮೇಲೆ ಬಿದ್ದಿತ್ತು. ಮೊದಲ ದಿನ ಅವ್ವ ಓದಿದ್ದ ಆ ಅಂಬಲಿಯ ಪುಟವನ್ನೇ ಇನ್ನೊಂದು ಸಲ ಓದು ಎಂದಳು, ಅದು ಮೂರನೆಯ ಭಾಗದ ಆರಂಭದಲ್ಲೇ ಇತ್ತು. ಓದಿದೆ. ಟಪ್ ಎಂದು ಒಂದು ಕಾಳು, ಬಹಳ ಹೊತ್ತಿನ ಮೇಲೆ ಇನ್ನೊಂದು. ಮುದುಕಿ ತನ್ನ ಪಾಲನ್ನು ಹಂಡೆಗೆ ಸುರಿಯುವ ಜಾಗಕ್ಕೆ ಬಂದಾಗ ಸದ್ದು ನಿಂತಿತು. ಓರೆಗಣ್ಣಿನಲ್ಲಿ ನೋಡಿದೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಾಗೇ ಇತ್ತು, ಕೈ ನಿಂತಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎಷ್ಟು ಸಲ ಕೇಳಿದ ಪುಟ, ಆದರೂ ನಿಲ್ಲಿಸಿಬಿಟ್ಟೆನಲ್ಲ ಎಂದು ಧ್ವನಿ ಏರಿಸಿ, ರಾಣಿಯ ಮಾತನ್ನು ರಾಣಿಯ ಹಾಗೆಯೇ ಹೇಳುತ್ತ ಇನ್ನೂ ಎರಡು ಪುಟ ಓದಿದೆ. ಅಡುಗೆಮನೆಯಿಂದ ಗಂಜಿ ತಂದ ಅವ್ವ ಲೋಟವನ್ನು ಕೆಳಗಿಟ್ಟ ಸದ್ದಿಗೆ ತಲೆ ಎತ್ತಿದೆ. ಆ ಎರಡು ಪುಟದ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ, ಬದಲಾಯಿಸಿಕೊಳ್ಳುವುದೂ ಇರಲಿಲ್ಲ. ಆಮೇಲೆ ಕೂಡಿಸುವವಳೇ ಇಲ್ಲದ ಮನೆಗೆ ಯಾರು ಬರುತ್ತಾರೆ. ಮನೆ ದಾಯಾದಿಗಳ ಪಾಲಾಯಿತು, ಈಗ ಆ ಜಾಗದಲ್ಲಿ ಕೋಟೆ ನೋಡಲು ಬಂದವರ ಕಾರುಗಳು ನಿಲ್ಲುತ್ತವೆ. ಮೂರನೆಯ ಭಾಗವನ್ನು ನಾನು ಸ್ಕೂಲಿನ ಚೀಲದಲ್ಲಿ ತಂದುಬಿಟ್ಟೆ, ನಾಲ್ಕನೆಯದು ಅವ್ವನ ಟ್ರಂಕಿನಲ್ಲಿ ಉಳಿಯಿತು. ಮೊದಲನೆಯದು ಕೆ.ಆರ್. ಪೇಟೆಯಲ್ಲಿ, ಎರಡನೆಯದು ನಾಗಮಂಗಲದಲ್ಲಿ. ನಾನು ಚೀಲ ಹೊತ್ತು ಸ್ಕೂಲಿಂದ ಸ್ಕೂಲಿಗೆ ಅಲೆದು ನೋಟ್‌ಬುಕ್ಕು ಮಾರಿದೆ, ಅಂಗಡಿ ಮಾಡಿದೆ, ಯಾರ ಹಂಗಿಲ್ಲದೆ ಎರಡು ಮಕ್ಕಳನ್ನು ದಡ ಮುಟ್ಟಿಸಿದೆ. ಎಷ್ಟು ರಾಜರ ಕತೆ, ಎಷ್ಟು ಕೋಟೆ, ಎಷ್ಟು ಯುದ್ಧ ನನ್ನ ಕೈಯಿಂದ ಮಾರಿಹೋದವೋ. ಅವ್ವ ಹೋದ ಮೇಲೆ ಟ್ರಂಕು ನನ್ನ ಮನೆಗೇ ಬಂತು. ಆದರೂ ಆ ನಾಲ್ಕನೆಯ ಭಾಗವನ್ನು ನಾನು ಬಿಚ್ಚಲಿಲ್ಲ. ಅಜ್ಜಿ ಕೇಳದ್ದನ್ನು ನಾನು ಹೇಗೆ ಓದಲಿ.

ಇದನ್ನೆಲ್ಲ ಆ ಮೇಡಂಗೆ ಹೇಳಲಿಲ್ಲ. ಒಂದು ಪುಸ್ತಕ ಇದೆ, ನಾಲ್ಕು ಕಡೆ ಇದೆ, ಸೇರಿಸಿ ಕೊಡುತ್ತೇನೆ ಎಂದಷ್ಟೇ ಹೇಳಿದೆ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಅಂಗಡಿಯಲ್ಲಿ ಹೊಸದಾಗಿ ತರಿಸುವ ಹಾಗೂ ಇರಲಿಲ್ಲ. ಅಂಗಡಿಗೆ ಒಂದು ದಿನ ಬೀಗ ಹಾಕಿ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಈ ವಯಸ್ಸಿನಲ್ಲಿ ಬಸ್ಸಿನ ಕುಲುಕಾಟ ಮಂಡಿಗೆ ಗೊತ್ತಾಗುತ್ತದೆ. ದೊಡ್ಡವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಮಗ ಅಟ್ಟದ ಮೇಲಿನ ತಗಡಿನ ಡಬ್ಬಿಯಿಂದ ಮೊದಲ ಭಾಗವನ್ನು ತೆಗೆದು ಧೂಳು ಒರೆಸಿ ಕೊಟ್ಟ. ನಾನು ವಾದಕ್ಕೆ ಸಿದ್ಧವಾಗಿ ಹೋಗಿದ್ದೆ, ಬದಲಿಗೆ ಏನು ಕೇಳುತ್ತಾನೋ, ಏನೆಂದು ಇಳಿಸುವುದೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. “ತಕಂಡೋಗಕ್ಕ, ಇಲ್ಯಾರ್ ಓದಾರು” ಎಂದು ಫೋನು ನೋಡುತ್ತಲೇ ಹೇಳಿದ. ಒಳ್ಳೆಯ ಹುಡುಗ, ಊಟ ಹಾಕದೆ ಕಳಿಸಲಿಲ್ಲ. ಆದರೆ ಚೌಕಾಸಿಯೇ ಇಲ್ಲದೆ ಸಿಕ್ಕಿದ ಆ ಭಾಗವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಏನೋ ದಣಿವು. ಗೆದ್ದ ಹಾಗೆ ಒಂದಿಷ್ಟೂ ಅನ್ನಿಸಲಿಲ್ಲ.

ಇನ್ನೊಂದು ದಿನ ನಾಗಮಂಗಲಕ್ಕೆ ಹೋದೆ, ಅಲ್ಲಿ ಹಾಗಾಗಲಿಲ್ಲ. ಚಿಕ್ಕವ್ವನಿಗೆ ಈಗ ಎಪ್ಪತ್ತರ ಹತ್ತಿರ. ಮಗನಿಗೆ ಹಸುಗಳಿವೆ, ಸೊಸೆ ಡೈರಿಯಲ್ಲಿ ಕೆಲಸ ಮಾಡುತ್ತಾಳೆ, ಮನೆ ತುಂಬ ಗಲಾಟೆ. ಜಗಲಿಯಲ್ಲಿ ಕೂತಿದ್ದ ಚಿಕ್ಕವ್ವ ನಾನು ಬಂದ ಕಾರಣ ಕೇಳಿ, ಎರಡನೆಯ ಭಾಗವನ್ನು ಒಳಗಿನಿಂದ ತರಿಸಿ, ತನ್ನ ತೊಡೆಯ ಕೆಳಗಿಟ್ಟುಕೊಂಡಳು. “ಮೂರ್ನೇದು ಎಲ್ಲಿ? ಭಾಗ ಇಲ್ದೆ ಭಾಗ ಕೊಡಾಕಿಲ್ಲ ಕಣ್ಮಗ, ಅಂಗಡಿಯಮ್ಮ ಆಗಿ ಇಷ್ಟೂ ಗೊತ್ತಿಲ್ವಾ?” ಎಂದಳು. ಕೊನೆ, ಮೊದಲು, ಎರಡನೆಯದು, ಮೂರೂ ಓದಿದ್ದವಳಿಗೆ ಮೂರನೆಯದೊಂದು ಸಿಕ್ಕಿರಲಿಲ್ಲ. ಐವತ್ತು ವರ್ಷದ ಹತ್ತಿರ ಅವಳಿಗೆ ಗೊತ್ತಿದ್ದದ್ದು ಅದರಲ್ಲಿ ಒಂದೇ ಒಂದು ಪುಟ, ಸೈಕಲ್ಲಿನವನ ಮುಂದೆ ಅವ್ವ ಓದಿದ್ದ ಪುಟ. ನಾನು ಅದನ್ನು ತಂದಿರಲಿಲ್ಲ. ಮಕ್ಕಳ ಓದಿಗೆ ಕಣವ್ವ ಎಂದು ಬೇಡಿದೆ, ಆಮೇಲೆ ತಂದು ಕೊಡುತ್ತೇನೆ ಎಂದೆ. ಜಗ್ಗಲಿಲ್ಲ. ಬರಿಗೈಯಲ್ಲಿ ಪಾಂಡವಪುರಕ್ಕೆ ವಾಪಸ್ಸು ಬಂದೆ. ಕಾಲು ನೋಯುತ್ತಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಇನ್ನೂ ಒಬ್ಬಳಿದ್ದಾಳಲ್ಲ, ಚೌಕಾಸಿ ಬಲ್ಲವಳು.

ಮುಂದಿನ ಭಾನುವಾರ ಮೂರನೆಯ ಭಾಗ ಹಿಡಿದು ಹೋದೆ. ಅವಳ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುತ್ತಿರಲಿಲ್ಲ, ಓದುವ ಕೆಲಸ ನನಗೇ ಬಂತು. ಜಗಲಿಯ ಬಿಸಿಲಲ್ಲಿ ಅವಳು ಮೊರದ ತುಂಬ ನೆನೆದ ಕಾಳು ಹರವಿಕೊಂಡಳು. ನಾನು ಓದಲು ಶುರು ಮಾಡಿದೆ. ಕಣಜ, ರಾಣಿಯ ಸೌಟು, ಸಾಲಿನಲ್ಲಿ ನಿಂತ ಜನ. ಟಪ್, ಟಪ್. ಮುದುಕಿ ಹಂಡೆಯ ಹತ್ತಿರ ಬಂದಳು. ಸದ್ದು ನಿಂತಿತು. ನನಗೆ ಮುಂದಿನ ಅಕ್ಷರ ಕಾಣಲಿಲ್ಲ. ಪುಸ್ತಕ ಕೆಳಗೆ ಹಾಕಿ ಅವಳ ಮಣಿಕಟ್ಟನ್ನು ಹಿಡಿದುಕೊಂಡು “ಚಿಕ್ಕವ್ವ” ಎಂದೆ. ಅವಳು ಸಿಡುಕಿದಳು.

“ಯಾಕ್ ನಿಲ್ಲಿಸ್ದೆ? ಓದು. ಮುದ್ಕಿ ಏನಾದ್ಲು?”

ಕೈ ಬೆಚ್ಚಗಿತ್ತು. ನಾನು ಅಲ್ಲಿಯೇ ಕೂತು ಅಜ್ಜಿಯ ಆ ಬೆಳಗನ್ನು ಹೇಳಿದೆ. ಹೆಮ್ಮೆಯಿಂದ ಓದಿದ ಎರಡು ಪುಟ, ರಾಣಿಯ ಧ್ವನಿ, ಎಲ್ಲ. ಚಿಕ್ಕವ್ವ ಬೆರಳ ನಡುವಿನ ಕಾಳನ್ನೊಮ್ಮೆ ನೋಡಿದಳು. ಒಳಗೆ ಸೊಸೆ ಹಾಲಿನ ಕ್ಯಾನು ತೊಳೆಯುವ ಸದ್ದು. ಆಮೇಲೆ ಕಾಳನ್ನು ಹಿತುಕಿ ತಟ್ಟೆಗೆ ಹಾಕಿ, “ಎಲ್ಡು ಪುಟ ಓದ್ದಲ್ಲ, ಕೇಳುಸ್ಕಂಡೇ ಹೋಗವ್ಳೆ ಬುಡು” ಎಂದಳು. ಸಂಜೆಯ ಹೊತ್ತಿಗೆ ಅಗಣಿ ಸರಿಯುವ ಜಾಗಕ್ಕೆ ಬಂದೆವು. ಅವಳು ದೊಡ್ಡದಾಗಿ ಉಸಿರು ಬಿಟ್ಟು, ಈಗ ಸರಿಹೋಯಿತು ಎಂದು ತಲೆಯಾಡಿಸಿದಳು. ಯಾರ ಕೈ ಎಂದು ಹೇಳಲೇ ಎಂದು ಕಣ್ಣಲ್ಲೇ ಕೇಳಿದಳು. ನಾನು ಬೇಡವೆಂದೆ. ತೊಡೆಯ ಕೆಳಗಿನಿಂದ ಎರಡನೆಯ ಭಾಗ ತೆಗೆದು ಕೊಟ್ಟಳು. ಓದಿ ಮುಗಿಸಿದ್ದ ಮೂರನೆಯದನ್ನೂ ವಾಪಸ್ಸು ಕೊಟ್ಟಳು, ಮಕ್ಕಳಿಗೆ ತಾನೇ ಎಂದು.

ನಾಲ್ಕೂ ಭಾಗ ಮೇಡಂಗೆ ಕೊಟ್ಟೆ. ಹೊಲಿದು ಒಂದು ಮಾಡಿಸೋಣವೇ ಎಂದರು, ಬೇಡ, ಒಂದು ಮುಗಿದ ಮೇಲೆ ಇನ್ನೊಂದು ಕೊಡಿ ಎಂದೆ. ರಿಜಿಸ್ಟರಿನಲ್ಲಿ ಏನೆಂದು ಬರೆಯುವುದು ಎಂದು ಅವರಿಗೆ ಚಿಂತೆ. ಕೋಟೆ ಪುಸ್ತಕ ಎಂದು ಬರೆಯಿರಿ, ಓದುವಾಗ ಮಕ್ಕಳ ಮುಖ ನೋಡಬೇಡಿ, ಮುಖ ಮೇಷ್ಟರಿಗೆ ಸುಳ್ಳು ಹೇಳುತ್ತದೆ, ಕೈ ನೋಡಿ ಎಂದು ಹೇಳಿ ಕಳಿಸಿದೆ. ಮೂರು ವಾರದ ಮೇಲೆ ಫೋನು ಮಾಡಿದರು. ಪೆನ್ನಿನ ಮುಚ್ಚಳ ತಿರುಗಿಸುವ ಕೈ, ಬೆಂಚು ಕೆರೆಯುವ ಕೈ ಏಳೆಂಟು ನಿಂತವಂತೆ, ಎಲ್ಲರದ್ದೂ ಅಲ್ಲವಂತೆ. ಏಳೆಂಟು ಸಾಕು ಎಂದೆ. ಕ್ಲಾಸಿನ ನಲವತ್ತು ಮಕ್ಕಳ ಕೈಯೂ ನಿಂತವು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಪರೀಕ್ಷೆಯ ಮುಂಚೆ ಅಂಗಡಿಗೇ ಬಂದರು. ಪುಸ್ತಕ ಮುಗಿದಿತ್ತು. ಗಲ್ಲಾದ ಮೇಲೆ ಎರಡೂ ಕೈ ಊರಿ, “ಅಮ್ಮ, ಕೊನೇಲಿ ಆ ಬಾಗಿಲು ತೆಗೆದದ್ದು ಯಾರು ಗೊತ್ತಾ...” ಎಂದು ಶುರು ಮಾಡಿದರು. ಪಾಪ, ಎಷ್ಟು ಖುಷಿಯಾಗಿದ್ದರು. ನಾನು ಕೈ ಅಡ್ಡ ಹಿಡಿದೆ. ನನ್ನ ಸರದಿ ಇನ್ನೂ ಬಂದಿಲ್ಲ ಮೇಡಂ ಎಂದೆ. ಅವರಿಗೆ ತಿಳಿಯಲಿಲ್ಲ, ನಕ್ಕರು.

ಈ ವರ್ಷವೂ ಅವರೆ ಬಂದಿದೆ. ಚಿಕ್ಕವ್ವ ನಾಗಮಂಗಲದ ಬಸ್ಸಿನಲ್ಲಿ ಒಂದು ಚೀಲ ಕಳಿಸಿದ್ದಾಳೆ, ಸೊಗಡು ಅಂಗಡಿಯನ್ನೆಲ್ಲ ತುಂಬಿಕೊಂಡಿದೆ. ರಾತ್ರಿ ನೆನೆಹಾಕಿ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಹಿತುಕಲು ಕೂರುತ್ತೇನೆ. ಅಜ್ಜಿಯ ಹಜಾರದಲ್ಲಿ ನಾಲ್ಕು ಜನ ಕೂತರೂ ಒಂದು ಮೊರ ಮುಗಿಯುವಷ್ಟರಲ್ಲಿ ಮಧ್ಯಾಹ್ನ ತಿರುಗುತ್ತಿತ್ತು. ಒಬ್ಬರು ಓದುತ್ತಿದ್ದರು, ಮಿಕ್ಕವರ ಕೈ ಘಳಿಗೆಗೊಮ್ಮೆ ನಿಲ್ಲುತ್ತಿತ್ತು, ಅಡುಗೆ ತಡವಾಯಿತೆಂದು ಯಾರಾದರೂ ಗೊಣಗುತ್ತಿದ್ದರು. ಈಗ ಟಪ್ ಟಪ್ ಎಂದು ಒಂದೇ ಸಮ ಸದ್ದು. ನಾನೊಬ್ಬಳೇ ಕೂತರೂ ಬೇಗ ಮುಗಿದುಬಿಡುತ್ತದೆ.